ಗೋಡೆ ದಾಟಿದ್ದು ವೈ-ಫೈ ಅಲ್ಲ

೧

ಎಲ್ಲಿಂದ ಶುರು ಮಾಡಲಿ? ರೂಟರ್‌ನಿಂದ ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಅಳುವಿನಿಂದ ಮಾಡಿದರೆ, ಹೋದ ಕಥೆಯಲ್ಲೂ ಹಾಗೇ ಮಾಡಿದ್ದೆಯಲ್ಲ ಎನ್ನುತ್ತೀರಿ. ‘ಒಂದಾನೊಂದು ಕಾಲದಲ್ಲಿ ಒಂದು ಟಿವಿ ಡಬ್ಬವಿತ್ತು’ ಎಂದು ಬರೆದು ನೋಡಿದೆ. ನನಗೇ ನಗು ಬಂತು, ಹೊಡೆದು ಹಾಕಿದೆ. ಸೀದಾ ಮನುಷ್ಯನಿಂದಲೇ ಶುರು.

ಮನೆಯವರು ಅವನನ್ನು ಸ್ಪೀಡಪ್ಪ ಎನ್ನುತ್ತಾರೆ. ಟಿವಿಗೆ ಸಿಕ್ಕಿಸಿ ಇಂಟರ್‌ನೆಟ್‌ನಿಂದ ಸಿನಿಮಾ, ಮ್ಯಾಚು ನೋಡುವ ಪುಟ್ಟ ಡಬ್ಬಗಳಿವೆಯಲ್ಲ, ಅವನ್ನು ಪರೀಕ್ಷಿಸಿ, ಯಾವುದನ್ನು ಕೊಳ್ಳಬೇಕು ಎಂದು ಒಂದು ವೆಬ್‌ಸೈಟಿಗೆ ಬರೆಯುವುದು ಅವನ ಕಸುಬು.

೨

ಅವನಿಗೊಂದು ಕ್ರಮವಿದೆ. ರೂಟರ್ ಹಾಲಿನಲ್ಲಿ, ಡಬ್ಬ ಹಿಂದಿನ ಕೋಣೆಯಲ್ಲಿ, ನಡುವೆ ಮೂರು ಗೋಡೆ. ಮೊದಲು ಉದ್ದನೆಯ ಕೇಬಲ್ ಸಿಕ್ಕಿಸಿ ವೇಗ ನೋಡುತ್ತಾನೆ. ಆಮೇಲೆ ಕೇಬಲ್ ಕಿತ್ತು ಬರೀ ವೈ-ಫೈಯಲ್ಲಿ ನೋಡುತ್ತಾನೆ. ಎರಡರ ಅಂತರವೇ ಡಬ್ಬದ ಯೋಗ್ಯತೆ. ವೈ-ಫೈ 5, ವೈ-ಫೈ 6 ಎಂದು ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ಗೋಡೆಯ ಮುಂದೆ ಎಲ್ಲರ ಬಣ್ಣ ಬಯಲು. ವೇಗದ ಅಲೆ ಗೋಡೆ ಕಂಡರೆ ಸೊರಗುತ್ತದೆ. ಗೋಡೆ ದಾಟುವ ಅಲೆಗೆ ವೇಗವಿಲ್ಲ. (ಮನುಷ್ಯರೂ ಹಾಗೇ ಎಂದು ಬರೆಯಲು ಕೈ ತುರಿಸಿತು. ಬರೆಯುವುದಿಲ್ಲ.)

ಈ ಕಥೆಯ ಡಬ್ಬದ ಸರದಿ ಬಂದಾಗ ಕೇಬಲ್ ಕೀಳಲು ಮರೆತ. ಕೇಬಲ್ ಇದ್ದರೆ ಡಬ್ಬ ವೈ-ಫೈ ಕಡೆ ತಿರುಗಿಯೂ ನೋಡುವುದಿಲ್ಲ, ಹಾಗೆಂದು ಯಾರಿಗೂ ಹೇಳುವುದೂ ಇಲ್ಲ. ಅವನು ಬರೆದ: “ವೈ-ಫೈ 6ರ ಪವಾಡ! ಮೂರು ಗೋಡೆ ದಾಟಿಯೂ ಚಿತ್ರ ನೀರಿನಂತೆ ಹರಿಯುತ್ತದೆ.”

೩

“ಸಾರ್,” ಎಂದ ಸ್ಪೀಡಪ್ಪ, ಪುಟದೊಳಗಿಂದ. “ಕೇಬಲ್ ವಿಷಯ ಎತ್ತಲ್ಲ ಅಂದಿದ್ರಿ.”

“ಎತ್ತಿ ಆಯ್ತಲ್ಲಪ್ಪ.”

“ಮೊದಲ್ನೇ ಡ್ರಾಫ್ಟಲ್ಲಿ ತಪ್ಪು ಕಂಪನೀದು ಅಂತಿತ್ತು. ಅದೇ ಚೆನ್ನಾಗಿತ್ತು.”

“ನಿನಗೆ ಚೆನ್ನಾಗಿತ್ತು.”

“ಓದೋರಿಗೂ! ಕಂಪನೀನ ಬೈಯೋಕೆ ಯಾರಿಗೆ ಬೇಜಾರು ಹೇಳಿ?”

ಮಾತು ನಿಜ. ಆ ಡ್ರಾಫ್ಟನ್ನು ಹರಿದೆ.

೪

ಇನ್ನು ಅವನ ಅಕ್ಕ. ತಮ್ಮ ಬರೆದದ್ದನ್ನೆಲ್ಲ ಕೊನೆಯ ಸಾಲಿನ ತನಕ ಓದುವ ಏಕೈಕ ಜೀವ. (ನನಗೂ ಅಂಥವಳೊಬ್ಬಳು ಬೇಕಿತ್ತು.) ಅವಳ ಅತ್ತೆ ಸೊಂಟ ಮುರಿದುಕೊಂಡು ಒಳಕೋಣೆಯಲ್ಲಿ ಮಲಗಿದ್ದಾರೆ. ಅತ್ತೆಯ ಕಿರಿಮಗಳು, ಅಂದರೆ ಅಕ್ಕನ ನಾದಿನಿ, ಫುಟ್‌ಬಾಲ್ ಗೋಲ್‌ಕೀಪರ್. ಅವಳ ಮ್ಯಾಚು ಮೊದಲ ಬಾರಿಗೆ ಇಂಟರ್‌ನೆಟ್‌ನಲ್ಲಿ ನೇರಪ್ರಸಾರವಾಗುವುದಿತ್ತು. ತಮ್ಮ ಹೊಗಳಿದ ಡಬ್ಬವನ್ನೇ ತಂದು ಅತ್ತೆಯ ಕಾಲ್ದೆಸೆಯ ಟಿವಿಗೆ ಅಕ್ಕ ಸಿಕ್ಕಿಸಿದಳು. ರೂಟರ್ ಇದ್ದದ್ದು ಮನೆಯ ಇನ್ನೊಂದು ತುದಿಯಲ್ಲಿ.

ಪೆನಾಲ್ಟಿ. ಎದುರು ತಂಡದವಳು ಚೆಂಡು ಒದೆಯಲು ಓಡಿ ಬಂದಳು. ಚಿತ್ರ ನಿಂತಿತು. ಪಕ್ಕದ ಮನೆಯವರೂ ಅದೇ ಮ್ಯಾಚು ಹಾಕಿಕೊಂಡಿದ್ದರು. ಅಲ್ಲಿಂದ ಚಪ್ಪಾಳೆ ಎದ್ದಿತು. ಮಗಳು ಚೆಂಡು ಹಿಡಿದಳೆಂಬುದು ತಾಯಿಗೆ ಗೊತ್ತಾದದ್ದು ಹೀಗೆ.

“ನಿನ್ನ ತಮ್ಮ ಹೇಳಿದ ಡಬ್ಬಾನೇ ಅಲ್ವೇನೇ ಇದು?”

“ಅವನದೇನೂ ತಪ್ಪಿಲ್ಲ ಅತ್ತೆ. ನಂಗೇ ಸರಿಯಾಗಿ ಕೂರ್ಸೋಕೆ ಬಂದಿಲ್ಲ.”

“ನಿಂಗೆ ಯಾವುದು ಬಂದಿದೆ ಹೇಳು!”

(ಎರಡನೇ ಡ್ರಾಫ್ಟಿನಲ್ಲಿ ಈ ಜಾಗದಲ್ಲಿ ಅಕ್ಕನನ್ನು ಪೆದ್ದಿ ಮಾಡಿದ್ದೆ. ರಿಮೋಟನ್ನು ರೂಟರ್ ಕಡೆ ಹಿಡಿದು ಒತ್ತುತ್ತಿದ್ದಳು. ಗೆಳೆಯರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಆ ಪುಟ ನೋಡಿದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ತಪ್ಪು ಮಾಡಿದವನು ಅವನು, ನಗೆಪಾಟಲಾದವಳು ಅವಳು. ಅವಳನ್ನು ಹಾಗೆ ಮಾಡಿದವನು ನಾನು.)

೫

ಅಕ್ಕ ಫೋನ್ ಮಾಡಿದಳು. “ಲೋ, ನೀನು ಬರೆದಿದ್ದು ಸರಿಯಾಗೇ ಇರುತ್ತೆ. ನಮ್ಮನೆ ಗೋಡೇನೇ ದಪ್ಪ ಕಣೋ. ಭಾನುವಾರ ಫೈನಲ್ಲು. ಅತ್ತೆ ಮಂಚಾನೇ ಹಾಲಿಗೆ ಎತ್ಕೊಂಡು ಹೋಗೋಣ ಅಂತಿದಾರೆ ನಿಮ್ಮ ಭಾವ. ಸ್ವಲ್ಪ ಅಲ್ಲಾಡಿಸಿದ್ರೂ ಅವ್ರು ಕಿರುಚ್ಕೋತಾರೆ. ಏನು ಮಾಡ್ಲೋ?”

ಫೋನ್ ಕಿವಿಗೆ ಹಿಡಿದೇ ಸ್ಪೀಡಪ್ಪ ಹಿಂದಿನ ಕೋಣೆಗೆ ಹೋದ. ಪರೀಕ್ಷೆ ಮುಗಿದ ಮೇಲೂ ಡಬ್ಬ ಅಲ್ಲೇ ಕೂತಿತ್ತು. ಅದರ ಬೆನ್ನು ತಿರುಗಿಸಿ ನೋಡಿದ. ಕೇಬಲ್ ಇನ್ನೂ ಸಿಕ್ಕಿಕೊಂಡೇ ಇತ್ತು.

“ಮಂಚ ಮುಟ್ಬೇಡಿ ಅಕ್ಕ. ನಾನೇ ಬರ್ತೀನಿ.”

(ಇಲ್ಲೇ ಹೇಳಬಹುದಿತ್ತು. ಮಾತನ್ನು ಅವನ ಬಾಯಿಗೇ ಇಟ್ಟೆ. ನುಂಗಿದ.)

೬

ಭಾನುವಾರ ಕೇಬಲ್ಲಿನ ಸುರುಳಿ ಹೊತ್ತು ಬಂದ. ಬಾಗಿಲ ಸಂದಿಗಳಲ್ಲಿ ಎಳೆದು ಡಬ್ಬಕ್ಕೆ ಸಿಕ್ಕಿಸಿದ. ಮೈದಾನದ ಹುಲ್ಲೆಸಳುಗಳೂ ಕಂಡವು. ಬಾಯಿ ಬಿಡದೆ ವಿಷಯ ಮುಗಿಸಬಹುದು ಎಂಬುದು ಅವನ ಲೆಕ್ಕಾಚಾರ. ನನ್ನದೂ ಅದೇ ಆಗಿತ್ತು. ಕಥೆ ಇಲ್ಲಿಗೆ ಮುಗಿದರೆ ಎಲ್ಲರೂ ಕ್ಷೇಮ.

“ನೋಡಿದ್ಯಾ?” ಎಂದರು ಅತ್ತೆ, ಸೊಸೆಗೆ. “ಹುಡುಗ ಬಂದು ಕೈಯಿಟ್ಟ, ಸರಿಹೋಯ್ತು. ನೀನು ಇಷ್ಟು ದಿನ ತಿಣುಕಿದೆ. ಆವತ್ತೇ ಇದನ್ನ ಮಾಡಿದ್ರೆ ನನ್ನ ಮಗಳು ಚೆಂಡು ಹಿಡಿದಿದ್ದನ್ನ ನಾನು ಕಣ್ಣಾರೆ ನೋಡ್ತಿದ್ನಲ್ಲೇ!”

“ಹೌದತ್ತೆ,” ಎಂದು ಅಕ್ಕ ನಕ್ಕಳು. “ನನ್ನ ತಲೆಗೆ ಹೊಳೀಲೇ ಇಲ್ಲ.”

ಆ ನಗುವಿನಲ್ಲಿ ತಮ್ಮನ ಬಗ್ಗೆ ಹೆಮ್ಮೆಯಿತ್ತು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

೭

ಮುಕ್ತಾಯ, ಒಂದು: ಅವನು ಎಲ್ಲ ಹೇಳುತ್ತಾನೆ, ಅತ್ತೆ ಸೊಸೆಯ ಕೈ ಹಿಡಿಯುತ್ತಾರೆ, ಎಲ್ಲರೂ ಅಳುತ್ತಾರೆ. ಬರೆದೆ. ಅತ್ತೆಯೇ ಒಪ್ಪಲಿಲ್ಲ. “ನಾನ್ಯಾಕಪ್ಪ ಅಳ್ಲಿ? ಪಕ್ಕಕ್ಕೆ ಸರಿ, ಮ್ಯಾಚು ಕಾಣ್ತಿಲ್ಲ.”

ಎರಡು: ಅವನು ಮನೆಗೆ ಹೋಗಿ ವೆಬ್‌ಸೈಟಿನಲ್ಲಿ ತಿದ್ದುಪಡಿ ಹಾಕುತ್ತಾನೆ. ಲೋಕಕ್ಕೆಲ್ಲ ಗೊತ್ತಾಗುತ್ತದೆ. ಅಕ್ಕನೂ ಓದುತ್ತಾಳೆ, ಓದಿ, ಅತ್ತೆಗೆ ಹೇಳುವುದಿಲ್ಲ. (ಸಭ್ಯವಾದ ಮುಕ್ತಾಯ. ಹೇಡಿಯದು ಕೂಡ.)

ಮೂರನೆಯದಕ್ಕೆ ಅಕ್ಕನನ್ನೇ ಕೇಳಿದೆ. ಕೇಳಬೇಕಾದರೆ ನಡೆದದ್ದನ್ನು ಹೇಳಬೇಕಲ್ಲ, ಹೇಳಿದೆ.

“ಬಿಡಿ ಸಾರ್,” ಎಂದಳು ದನಿ ತಗ್ಗಿಸಿ. “ಅತ್ತೆ ಮುಂದೆ ಅವನ ಮರ್ಯಾದೆ ತೆಗೀಬೇಡಿ. ನಂಗಾದ್ರೆ ಬೈಸ್ಕೊಂಡು ಅಭ್ಯಾಸ ಇದೆ.”

ಆ ಮಾತು ಕೇಳಿದ ಮೇಲೆ ಮುಕ್ತಾಯ ಬರೆಯುವ ಮುಖ ನನಗಿಲ್ಲ.

ಸ್ಪೀಡಪ್ಪ ನನ್ನನ್ನೇ ನೋಡುತ್ತಿದ್ದಾನೆ. “ಸಾರ್, ಒಂದು ವಾಕ್ಯ ಕೊಡಿ. ಒಂದೇ ಒಂದು.”

ಕೊಡುವುದಿಲ್ಲ. ನಾನು ಕೊಟ್ಟರೆ ಚೆನ್ನಾಗಿರುತ್ತದೆ, ಅದೇ ತೊಂದರೆ.

ಅವನು ಮಂಚದ ಹತ್ತಿರ ಹೋದ.

“ಅಮ್ಮಾ, ಆವತ್ತು ಚಿತ್ರ ನಿಂತಿದ್ದು...”

“ಏನಪ್ಪ?” ಎಂದರು ಅತ್ತೆ, ಟಿವಿಯಿಂದ ಕಣ್ಣು ಕೀಳದೆ.

ಅಕ್ಕ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದಳು. ಬಿಡಿಸಲು ನಾನು ಹೋಗಲಿಲ್ಲ.