ಒಂದೇ ಮಧ್ಯಾಹ್ನಕ್ಕೆ ನಲವತ್ತು ಪಾಠ

ಕ್ಷೌರಿಕನ ಮಗಳು ಇಡೀ ವರ್ಷದ ಗಣಿತವನ್ನು ಒಂದೇ ಮಧ್ಯಾಹ್ನದಲ್ಲಿ ಅರೆದು ಕುಡಿದಳು; ಅವಳ ಲೆಕ್ಕದ ವೇಗಕ್ಕೆ ಕಾದ ಮೊಬೈಲಿನ ಮೇಲೆ ಅಂಗಡಿಯ ನೀರು ಕೊತಕೊತ ಕುದಿಯಿತು! ನಿನ್ನೆ ಸಂಜೆಯಿಂದ ಕುರ್ಚಿಗೆ ಬಂದವರಿಗೆಲ್ಲ ಅಪ್ಪ ಇದನ್ನೇ ಹೇಳಿದ್ದ. ಗಂಟಲಿನ ಮೇಲೆ ಕತ್ತಿ ಆಡುವಾಗ ಯಾರು ತಾನೇ ಇಲ್ಲವೆಂದಾರು?

ಜ್ವರದಲ್ಲಿ ಎರಡು ತಿಂಗಳು ಮಲಗಿದ್ದ ಮಗಳು, ಹಿಂದೆ ಬಿದ್ದ ನಾಚಿಕೆಗೆ ಶಾಲೆಯನ್ನೇ ಬಿಡುವವಳಿದ್ದಳು. ಅಂಥವರಿಗೆಂದೇ ಟೀಚರಮ್ಮ ಮೊಬೈಲಿನಲ್ಲಿ ನಲವತ್ತು ಪಾಠ ಹಾಕಿಕೊಟ್ಟು, ಎಡವಿದಲ್ಲೆಲ್ಲ ಫೋನ್ ಮಾಡಿ ಬಿಡಿಸಿ ಹೇಳುತ್ತಿದ್ದರು. ಭಿನ್ನರಾಶಿಯನ್ನು ಆರು ಸಲ ನೋಡಿದ ಮೇಲೆ ಹುಡುಗಿಯ ಮುಖದಲ್ಲಿ ಕಳೆ ಬಂದಿತ್ತು.

ಇಂದು ಬೆಳಿಗ್ಗೆ ಅವಳು ಸೋದರತ್ತೆಯ ಮನೆಯಿಂದ ಬಂದು ಚೀಲ ಇಳಿಸುವಷ್ಟರಲ್ಲೇ ಟೀಚರಮ್ಮ ಅಂಗಡಿಗೆ ಬಂದರು.

"ಏನೇ ಜಾಣೆ, ನಲವತ್ತೂ ಮುಗಿಸಿಬಿಟ್ಟೆಯಲ್ಲ! ಸಹಾಯ ಬೇಕಾದೋರ ಪಟ್ಟಿಯಿಂದ ನಿನ್ನ ಹೆಸರು ತೆಗೆದಾಯ್ತು. ನಾಳೆ ಬಂದು ಪರೀಕ್ಷೆ ಬರಿ, ಪಾಸಾದ್ರೆ ನಿನ್ನ ಗೆಳತಿಯರ ಪಕ್ಕದಲ್ಲೇ ಜಾಗ."

"ಆಗದಿದ್ರೆ?"

"ಆಗದೋರು ಒಂದು ಕ್ಲಾಸು ಕೆಳಗೆ ಕೂರ್ಬೇಕು. ನಿನಗ್ಯಾಕೆ ಆ ಚಿಂತೆ?"

"ಮೇಡಂ, ನಾನಿನ್ನೂ ಒಂಬತ್ತೇ ಪಾಠ ಮುಗಿಸಿರೋದು!"

ಅಪ್ಪನ ಕತ್ತಿ ಗಿರಾಕಿಯ ಕೆನ್ನೆಯ ನಡುವೆಯೇ ನಿಂತಿತು. ಹಿಂದೆ ಮುಂದೆ ಕನ್ನಡಿಗಳಿದ್ದ ಆ ಅಂಗಡಿಯಲ್ಲಿ ಎತ್ತ ನೋಡಿದರೂ ಬಿಳಚಿಕೊಂಡ ಮಗಳೇ. ಟೀಚರಮ್ಮ ತಮ್ಮ ಮೊಬೈಲ್ ತೆರೆದು ನೋಡಿ ದಂಗಾದರು: ಮೂವತ್ತೊಂದು ಪಾಠ, ನಿನ್ನೆ ಎರಡರಿಂದ ನಾಲ್ಕರೊಳಗೆ.

"ಆಗ ನಾನು ಅತ್ತೆ ಮನೇಲಿದ್ದೆ. ಫೋನ್ ಅಪ್ಪನ ಹತ್ರ ಇತ್ತು."

"ಹುಡುಗಿಗೆ ನಾಚಿಕೆ ಮೇಡಂ, ಅದಕ್ಕೇ ಹಂಗಂತಾಳೆ," ಅಪ್ಪ ನಗಲು ನೋಡಿದ.

"ಅಲ್ಲಾಡಬೇಡ ಮಾರಾಯಾ, ನನ್ನ ಕೆನ್ನೆ!" ಎಂದು ಗಿರಾಕಿ ಉಸಿರು ಬಿಗಿಹಿಡಿದ.

ಮಗಳು ಚೀಲವನ್ನು ಮತ್ತೆ ಹೆಗಲಿಗೇರಿಸಿದಳು. "ಚಿಕ್ಕೋರ ಜೊತೆ ನಾನು ಕೂರಲ್ಲ. ಶಾಲೆಯೇ ಬೇಡ ಬಿಡಪ್ಪ."

ಅಪ್ಪ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟ.

"ನಾನೇ ಮೇಡಂ. ಅಂಗಡಿ ಖಾಲಿ ಇತ್ತು. ಪಕ್ಕದ ದರ್ಜಿ ತನ್ನ ಮಗ ಕ್ಲಾಸಿಗೇ ಮೊದಲು ಅಂತ ಕೊಚ್ಚಿಕೊಂಡ. ನನ್ನ ಮಗಳು ಒಂಬತ್ತೇ ಪಾಠ ಮುಗಿಸಿದ್ದಾಳೆ ಅನ್ನೋಕೆ ಬಾಯಿ ಬರ್ಲಿಲ್ಲ. ಮೊಬೈಲಿನ ಪ್ರಶ್ನೆಗೆ ಒಂದು ಉತ್ತರ ಕೆಂಪಾದ್ರೆ ಇನ್ನೊಂದು, ಹಸಿರು ಬರೋವರೆಗೂ ಒತ್ತುತ್ತಾ ಹೋದೆ. ಒಂದು ಪ್ರಶ್ನೇನೂ ನನಗೆ ತಿಳೀಲಿಲ್ಲ. ಆ ಒಂಬತ್ತು ಮಾತ್ರ ಇವಳು ನಿಜವಾಗ್ಲೂ ಕಲಿತಿದ್ದು. ಪರೀಕ್ಷೆ ಮುಂದಕ್ಕೆ ಹಾಕಿ, ಅಲ್ಲಿಂದಲೇ ಮತ್ತೆ ಹೇಳಿಕೊಡಿ."