ಬಚ್ಚಲಮನೆಯ ಹಿಂದೆ

ಮೆಟಲ್ ಡಿಟೆಕ್ಟರ್ ಹಿಡಿದು ಹಿತ್ತಲಿಗಿಳಿಯಲು ಮೇಟಾ ಅಳಿಯ ಐವರ್‌ಗೆ ಒಪ್ಪಿಗೆ ಕೊಟ್ಟದ್ದು ಅಪ್ಪ ಹೂತಿಟ್ಟ ಬೆಳ್ಳಿ ಚಮಚಗಳು ಸಿಗಲಿ ಎಂದಲ್ಲ, ಸಿಗದಿರಲಿ ಎಂದು. ಆ ಚಮಚಗಳನ್ನು ಯಾರು ಕದ್ದರು ಎಂಬುದು ಅವಳಿಗೆ ಯಾವತ್ತೋ ಗೊತ್ತಿತ್ತು. ಯಂತ್ರವೂ ಒಂದು ಸಾಕ್ಷಿ ಹೇಳಿಬಿಟ್ಟರೆ ನೆಮ್ಮದಿಯಿಂದ ಕಣ್ಣು ಮುಚ್ಚಬಹುದು.

ಸೈನಿಕರು ಬಂದು ಇಡೀ ಮನೆಯವರನ್ನು ಲಾರಿಗೆ ಹತ್ತಿಸಿ ಗಡೀಪಾರು ಮಾಡಿದಾಗ ಅವಳಿನ್ನೂ ಐದರ ಕೂಸು. ಅಪ್ಪ ಅಮ್ಮ ಇಬ್ಬರೂ ಸೈಬೀರಿಯಾದ ಮಣ್ಣು ಸೇರಿದರು. ಬೆಳ್ಳಿ ಚಮಚಗಳನ್ನು ಬಚ್ಚಲಮನೆಯ ಹಿಂದೆ ಹೂತಿದ್ದೇನೆ ಎಂದು ಸಾಯುವ ಮುಂಚೆ ಅಪ್ಪ ಅವಳ ಕಿವಿಯಲ್ಲಿ ಹೇಳಿದ್ದ. ಬೆಳೆದ ಹುಡುಗಿಯಾಗಿ ಊರಿಗೆ ಮರಳಿದ ಮೇಟಾ, ಕಾದ ಕಲ್ಲೊಲೆಯ ಹಬೆಯಲ್ಲಿ ಬೆವರಿ ಮೀಯುವ ಆ ದಿಮ್ಮಿಯ ಬಚ್ಚಲಮನೆಯ ಹಿಂದೆ ಅಗೆದಳು, ಅಗೆದಳು, ಏನೂ ಸಿಗಲಿಲ್ಲ. ಅಷ್ಟು ವರ್ಷ ಆ ಬಚ್ಚಲನ್ನು ಬಳಸಿದ್ದು ಪಕ್ಕದ ಮನೆಯ ಆಲ್ವಿನೆ. ನಮ್ಮ ಬೆಳ್ಳಿ ಯಾರ ಮನೆಯಲ್ಲಿ ಹೊಳೆಯುತ್ತಿದೆಯೋ ಎಂದು ಮೇಟಾ ಒಮ್ಮೆ ಅಂಗಡಿಯಲ್ಲಿ ನಿಂತು ಅಂದಳು. ಊರಿಗೆ ಅಷ್ಟು ಸಾಕಾಯಿತು. ಹೂತ ಜಾಗ ಯಾವುದೆಂದು ಮಾತ್ರ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಆಲ್ವಿನೆ ಕಳ್ಳಿ ಎನಿಸಿಕೊಂಡೇ ಸತ್ತಳು. ಅವಳ ಮಗಳು ಹೆಲ್ಡಿ ಎದುರಾದರೆ ಮೇಟಾ ಇಂದಿಗೂ ಮುಖ ತಿರುಗಿಸುತ್ತಾಳೆ.

ಬಚ್ಚಲಮನೆಯ ಸುತ್ತ ಐವರ್‌ಗೆ ಸಿಕ್ಕಿದ್ದು ಬಾಟಲಿ ಮುಚ್ಚಳ, ಟ್ರ್ಯಾಕ್ಟರಿನ ಬೋಲ್ಟು. ಮೇಟಾ ಖುಷಿಯಿಂದಲೇ ಕಾಫಿ ಬಗ್ಗಿಸಿದಳು. ಅಳಿಯ ಕಾಫಿ ಬಿಟ್ಟು ಕೆಳಗೆ ತೊರೆಯ ಕಡೆ, ತುರಿಕೆ ಗಿಡಗಳ ಪೊದೆಗೆ ನುಗ್ಗಿದ. ಅಲ್ಲೇನಿದೆ ಮಣ್ಣು ಎಂದು ಅವಳು ಗೊಣಗುವಷ್ಟರಲ್ಲಿ ಯಂತ್ರ ಕೂಗತೊಡಗಿತು.

ಮೊದಲು ಮಸಿ ಹಿಡಿದ ಒಲೆಯ ಕಲ್ಲುಗಳು ಬಂದವು. ಅವುಗಳಾಚೆ, ಮೊಣಕೈ ಆಳದಲ್ಲಿ, ಹಾಲಿನ ಕ್ಯಾನು. ಒಳಗೆ ಅಮ್ಮನ ಹೆಸರು ಕಸೂತಿ ಮಾಡಿದ ಟವೆಲ್ಲು, ಅದರಲ್ಲಿ ಸುತ್ತಿದ ಚಮಚಗಳು.

ಐವರ್ ಮೇಲೆ ಬಂದು ಬಚ್ಚಲಮನೆಯ ದಿಮ್ಮಿಗಳ ತುದಿಯನ್ನು ಬೆರಳಿನಿಂದ ಸವರಿದ. ಪ್ರತಿ ದಿಮ್ಮಿಯಲ್ಲೂ ಕೊಡಲಿಯ ಗೀಟುಗಳು: ಒಂದು, ಎರಡು, ಮೂರು. "ಅತ್ತೆ, ಇದು ಜೋಡ್ಸೋಕೆ ಹಾಕಿದ ಗುರುತು. ಬಚ್ಚಲಮನೆ ಮೊದ್ಲು ಕೆಳಗೆ ಆ ಒಲೆ ಇದ್ದಲ್ಲಿತ್ತು, ಬಿಚ್ಚಿ ತಂದು ಇಲ್ಲಿ ಜೋಡ್ಸಿದಾರೆ."

ಅದೇ ಬಾಗಿಲು, ಅದೇ ಬೆಂಚು; ಜಾಗ ಬದಲಾದದ್ದು ಅವಳಿಗೆ ತಿಳಿದೇ ಇರಲಿಲ್ಲ. ಪ್ರತಿ ಶನಿವಾರ ಆ ದಿಮ್ಮಿಗಳಿಗೆ ಬೆನ್ನು ಕೊಟ್ಟು ಬೆವರಿದ್ದಳು ಮೇಟಾ. ಆ ಗೀಟುಗಳನ್ನು ಅಪ್ಪನ ಕೈಗೆಲಸ ಎಂದುಕೊಂಡು ಎಷ್ಟೋ ಸಲ ಮುಟ್ಟಿಯೂ ಇದ್ದಳು.

ಚಮಚಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಅವಳು ಹೆಲ್ಡಿಯ ಮನೆಗೆ ಹೋದಳು. ಹೆಲ್ಡಿ ಬಟಾಣಿ ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸಿಕ್ಕಿದ್ದು ಎಲ್ಲಿ ಎಂದು ಮೇಟಾ ತಡವರಿಸುತ್ತ ಹೇಳಿ ಮುಗಿಸುವವರೆಗೂ ಹೆಲ್ಡಿ ಬಟಾಣಿ ಬಿಡಿಸುತ್ತಲೇ ಇದ್ದಳು.

"ತೊರೆ ನೀರು ನುಗ್ಗಿ ದಿಮ್ಮಿ ಕೊಳೀತಿತ್ತು. ಅಮ್ಮನೇ ಆಳು ಹಿಡಿದು ಮೇಲಕ್ಕೆ ಎತ್ತಿ ಇಡ್ಸಿದ್ಲು. ನಿಮ್ಮೋರು ವಾಪಸ್ ಬಂದಾಗ ಮೈ ತೊಳ್ಕೊಳ್ಳೋಕೆ ಒಂದು ಬಚ್ಚಲಾದ್ರೂ ಇರ್ಲಿ ಅಂತ."

"ನಂಗೆ ಹೇಳ್ಬಾರ್ದಿತ್ತಾ?"

"ಎಲ್ಲಿ ಅಗೆದೆ ಅಂತ ನೀನು ಹೇಳಿದ್ದೇ ಯಾವಾಗ?"

ಮೇಟಾ ಉಡಿ ಬಿಚ್ಚಿ ಚಮಚಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಎಲ್ಲವೂ ನಿನಗೇ ಇರಲಿ ಎಂದಳು. ಹೆಲ್ಡಿ ಅವುಗಳನ್ನು ಬೆರಳಿನಿಂದಲೂ ಮುಟ್ಟಲಿಲ್ಲ.

"ಇಲ್ಲಿ ಬಿಟ್ಟು ಹೋಗ್ಬೇಡ. ನೋಡಿದೋರು ಏನಂತಾರೆ? ಕೊನೆಗೂ ಸಿಕ್ತು ನೋಡು, ಇವರ ಮನೇಲೇ ಇತ್ತು ಅಂತಾರೆ."

ಅದೂ ನಿಜವೇ. ಮೇಟಾ ಒಂದೊಂದಾಗಿ ಎತ್ತಿ ಮತ್ತೆ ಕಟ್ಟಿಕೊಂಡಳು. ಈ ಭಾನುವಾರ ಗೋರಿಗಳಿಗೆ ಹೂವಿಡುವ ದಿನ, ಊರಿಗೆ ಊರೇ ಸ್ಮಶಾನದಲ್ಲಿ ಸೇರುತ್ತದೆ.

"ಭಾನುವಾರ ಎಲ್ರೂ ಬರ್ತಾರಲ್ಲ," ಎಂದಳು ಮೇಟಾ. "ನಿಮ್ಮಮ್ಮನ ಗೋರಿ ಹತ್ರ ನಿಂತು ಹೇಳ್ತೀನಿ. ಎಲ್ರಿಗೂ ಕೇಳೋ ಹಾಗೆ."

ಹೆಲ್ಡಿ ಸಿಪ್ಪೆಗಳನ್ನು ಗುಡ್ಡೆ ಮಾಡಿ ಬುಟ್ಟಿಗೆ ತಳ್ಳಿದಳು. ಆಮೇಲೆ ತಲೆಯೆತ್ತಿದಳು.

"ಬಲಗಡೆ ನಿಂತ್ಕೋ," ಎಂದಳು. "ಅಮ್ಮಂಗೆ ಎಡಗಿವಿ ಕೇಳ್ತಿರ್ಲಿಲ್ಲ."