ಅಡುಗೆಮನೆಯಲ್ಲಿದ್ದವಳನ್ನು ಕೇಳಿದಿರಾ?

ಮನೆ ಕೊಳ್ಳಲು ಹೋದಾಗ ನಮ್ಮ ಕಡೆ ಒಂದು ಪದ್ಧತಿ. ಗಂಡಸರು ಪಡಸಾಲೆಯಲ್ಲಿ ಕೂತು ವ್ಯಾಪಾರ ಕುದುರಿಸುತ್ತಾರೆ. ಹೆಂಗಸನ್ನು ಮಾತ್ರ ಅಡುಗೆಮನೆ ನೋಡಲು ಒಳಗೆ ಕಳಿಸುತ್ತಾರೆ. ವ್ಯಾಪಾರದ ಮಾತು ಅವಳ ಕಿವಿಗೆ ಬೀಳಬಾರದಲ್ಲ, ಅದಕ್ಕೆ!

ಹೊಳಲ್ಕೆರೆಯ ಆ ಮನೆಯಲ್ಲೂ ಅದೇ ಆಯಿತು. ಜಯಶೀಲಾಗೆ ಮೊದಲೇ ಮೈ ಉರಿಯುತ್ತಿತ್ತು. ಸಂಘದಲ್ಲಿ ಅವಳು ಉಳಿಸಿದ್ದು, ಗಂಡ ತಿಮ್ಮೇಶ್ ಕುರಿ ಮಾರಿ ತಂದದ್ದು, ಎಲ್ಲ ಒಂದೇ ಚೀಲದಲ್ಲಿ ಅವನ ತೊಡೆಯ ಮೇಲಿತ್ತು. ಅವತ್ತೇ ಅಡ್ವಾನ್ಸ್ ಕೊಡಬೇಕಂತೆ. ಕಾಗದಪತ್ರ ಮೊದಲು ವಕೀಲರಿಗೆ ತೋರಿಸೋಣ ಎಂದು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಡಕೊಂಡಿದ್ದಳು.

“ಓಬಳೇಶಪ್ಪ ಮಾವ ಏನ್ ಹೊರಗಿನೋನಾ? ನಮ್ಮೋರೇ ಕಣೇ. ನಮ್ಮೋರತ್ರ ಕಾಗದ ಕೇಳಿದ್ರೆ ಮರ್ಯಾದೆ ಉಳಿತೈತಾ?” ಎಂದು ತಿಮ್ಮೇಶ್ ಅವಳ ಬಾಯಿ ಮುಚ್ಚಿಸಿದ್ದ.

ಈ ಓಬಳೇಶಪ್ಪ ಅವರ ದೂರದ ನೆಂಟ, ಮನೆ ದಲ್ಲಾಳಿ. ಮಾರುವವನು ಚಿಕ್ಕತಿಮ್ಮಪ್ಪ. “ಒಳಗೋಗಿ ಅಡುಗೆಮನೆ ನೋಡ್ಕಂಬಾರಮ್ಮ” ಎಂದು ದಲ್ಲಾಳಿ ಕೈ ಬೀಸಿದ.

ಒಳಗೆ ಓಬಮ್ಮ ಎಂಬ ವಯಸ್ಸಾದ ಹೆಂಗಸು ಮುದ್ದೆ ತಿರುವುತ್ತಿದ್ದರು. ಇವಳನ್ನು ಕಂಡು ಮುಖ ಅರಳಿತು.

“ಬಾರವ್ವ. ಮುಂದಿನ ರೂಮಿಗೆ ಬಾಡಿಗೆಗೆ ಬರೋರು ನೀವೇ ಏನು? ನನ್ ತಮ್ಮ ಹೇಳಿದ್ದ. ನಮ್ಮಪ್ಪ ಕಟ್ಸಿದ ಮನೆ ಇದು, ಗಟ್ಟಿ ಐತೆ. ನಮ್ ಯಜಮಾನ್ರು ತೀರ್ಕಂಡಾಗಿಂದ ನಾನೂ ಇಲ್ಲೇ ಅದೀನಿ.”

ಬಾಡಿಗೆಗೆ! ಜಯಶೀಲಾ ದಡದಡನೆ ಪಡಸಾಲೆಗೆ ಬಂದಳು. “ಮಾವ, ಒಳಗಿರೋರು ಯಾರು?”

“ಅವಳಾ? ಕೆಲಸದೋಳು. ರಿಜಿಸ್ಟ್ರಾದ ಮೇಲೆ ಕಳಿಸಿದ್ರಾಯ್ತು ಬಿಡಮ್ಮ.”

ಚಿಕ್ಕತಿಮ್ಮಪ್ಪ ನೆಲ ನೋಡುತ್ತಾ ಕೂತಿದ್ದ. ಓಬಮ್ಮ ಮುದ್ದೆಕೋಲು ಹಿಡಿದೇ ಬಾಗಿಲಿಗೆ ಬಂದಿದ್ದರು.

“ಲೇ ಚಿಕ್ಕತಿಮ್ಮ, ಎತ್ತಿ ಆಡಿಸಿದೋಳು ಕಣೋ ನಾನು. ನಾನು ನಿಂಗೆ ಕೆಲಸದೋಳೇನೋ?”

ಜಯಶೀಲಾ ಗಂಡನ ತೊಡೆಯ ಮೇಲಿನ ಚೀಲ ಕಿತ್ತುಕೊಂಡಳು. “ನಿಮ್ ಬಾಯಿಗೆ ಮಣ್ಣಾಕ! ಒಡಹುಟ್ಟಿದೋಳಿಗೇ ಹೇಳದೆ ಮನೆ ಮಾರ್ತೀರಾ? ನಮ್ಮನ್ನ ಆ ಪಾಪಕ್ಕೆ ಪಾಲುದಾರ್ರು ಮಾಡಾಕೆ ಕರ್ಕಂಬಂದ್ರಾ?”

“ಖಾತೆ ಅವನ ಹೆಸರಲ್ಲೇ ಐತಲ್ಲಮ್ಮ!” ಎಂದು ದಲ್ಲಾಳಿ ಕೂಗಿದ.

ಅವಳು ಕೇಳಲಿಲ್ಲ. ಓಬಮ್ಮನನ್ನೂ ಜೊತೆಗೆ ಕರೆದುಕೊಂಡು ನೇರ ಊರಿನ ವಕೀಲೆ ಸರ್ವಮಂಗಳ ಅವರ ಹತ್ತಿರ ಹೋದಳು. ತಿಮ್ಮೇಶ್ ಮುಖ ಸಣ್ಣದು ಮಾಡಿಕೊಂಡು ಹಿಂದೆ ಬಂದ.

“ಖಾತೆ ಅನ್ನೋದು ಕಂದಾಯ ಕಟ್ಟೋಕೆ ಇರೋದ್ರಿ. ಖಾತೆ ಇದ್ದ ಮಾತ್ರಕ್ಕೆ ಮನೆ ಒಬ್ಬನದೇ ಆಗಲ್ಲ” ಎಂದರು ವಕೀಲೆ, ಓಬಮ್ಮನನ್ನು ವಿಚಾರಿಸಿಕೊಂಡು. “ಇವರಪ್ಪ ವಿಲ್ ಬರೀದೆ ತೀರ್ಕಂಡಿದಾರೆ. ಮಗನಷ್ಟೇ ಪಾಲು ಮಗಳಿಗೂ ಐತೆ. ಈಯಮ್ಮನ ಸಹಿ ಇಲ್ಲದೆ ಕೊಂಡಿದ್ರೆ ನೀವು ಮನೇಲಿರ್ತಿರಲಿಲ್ಲ, ಕೋರ್ಟಲ್ಲಿರ್ತಿದ್ರಿ.”

“ಮಾವ ನಮ್ಮೋನು ಅಂತ ನಂಬಿದ್ನಲ್ಲೇ…” ಎಂದ ತಿಮ್ಮೇಶ್.

“ಈಯಮ್ಮಂಗೆ ತಮ್ಮನೂ ನಮ್ಮೋನೇ ಆಗಿದ್ದ ಕಣ್ರಿ!” ಎಂದಳು ಜಯಶೀಲಾ.

ಆಮೇಲೆ ಗಂಡಹೆಂಡತಿ ಆ ಮನೆ ಬಿಟ್ಟು ಹೊಸದುರ್ಗದಲ್ಲಿ ಇನ್ನೊಂದು ಮನೆ ನೋಡಿದರು. ಅಲ್ಲಿಯ ದಲ್ಲಾಳಿ “ಅಡುಗೆಮನೆ ನೋಡ್ರಮ್ಮ” ಅನ್ನುವಷ್ಟರಲ್ಲಿ ತಿಮ್ಮೇಶನೇ ಎದ್ದು ಒಳಗೆ ಹೋದ. ಜಯಶೀಲಾ ಪಡಸಾಲೆಯಲ್ಲಿ ಕೂತು ಕಾಗದಪತ್ರ ಕೇಳಿದಳು. ವಕೀಲೆ ಎಲ್ಲ ನೋಡಿ ಹೂಂ ಅಂದ ಮೇಲೆಯೇ ಚೀಲದ ಬಾಯಿ ಬಿಚ್ಚಿದ್ದು.

ಮನೆ ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಬ್ಬ ಓಬಳೇಶಪ್ಪ ಸಿಗುತ್ತಾನೆ. ‘ನಮ್ಮೋರು’ ಅನ್ನುತ್ತಾನೆ, ‘ಇವತ್ತೇ ಕೊಡಿ’ ಅನ್ನುತ್ತಾನೆ. ಮುಲಾಜಿಗೆ ಬೀಳಬೇಡಿ. ಮೂಲ ಕ್ರಯಪತ್ರ, ಮನೆಯ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ, ವಾರಸುದಾರರು ಯಾರೆಂದು ತೋರಿಸುವ ವಂಶವೃಕ್ಷ ಕೇಳಿ ಪಡೆದು ನಿಮ್ಮದೇ ವಕೀಲರಿಗೆ ತೋರಿಸಿ. ಪಾಲು ಇರುವ ಅಕ್ಕತಂಗಿಯರೆಲ್ಲ ಸಹಿ ಹಾಕುವರೇ ಎಂದು ವಿಚಾರಿಸಿ. ಅದಕ್ಕೂ ಮೊದಲು ಗಂಡಹೆಂಡತಿ ಇಬ್ಬರೂ ಆ ಮನೆಯ ಒಳಗೆ ಹೋಗಿ, ಒಲೆಯ ಮುಂದೆ ಇರುವವರನ್ನು ಬಾಯಿಬಿಟ್ಟು ಕೇಳಿ: “ಅಮ್ಮಾ, ಈ ಮನೆ ಮಾರುತ್ತಿರುವುದು ನಿಮಗೆ ಗೊತ್ತೇ?”